ಆಲ್ಸೇಶಿಯನ್ನಿನ ಅಳತೆ

ಪ್ರಾಣಿಯ ಹೊಟ್ಟೆ ಮುಟ್ಟುವ ಮೊದಲು ನಮ್ಮ ದನದ ಡಾಕ್ಟ್ರು ಎರಡೂ ಅಂಗೈಗಳನ್ನು ಗಸಗಸ ಉಜ್ಜಿ ಬಿಸಿ ಮಾಡಿಕೊಳ್ಳುತ್ತಿದ್ದರು. ಫಿನಾಯಿಲ್ ವಾಸನೆಯ, ದಪ್ಪ ಬೆರಳುಗಳ ಕೈಗಳು. “ತಣ್ಣನೆ ಕೈ ಇಟ್ರೆ ಹೊಟ್ಟೆ ಬಿಗಿ ಹಿಡೀತದೆ ಮಾರಾಯ್ರೆ, ಮತ್ತೆ ಒಳಗೆ ಎಂತ ಉಂಟೂಂತ ಗೊತ್ತಾಗುದಿಲ್ಲ” ಎನ್ನುತ್ತಿದ್ದರು. ಇಚಿಲಂಪಾಡಿಯ ನಮ್ಮ ಹಟ್ಟಿಯ ಎಷ್ಟೋ ಕರುಗಳು ಆ ಕೈಗೇ ಬಿದ್ದು ಬದುಕಿದವು. ಬಾಯಿ ಮಾತ್ರ ಜೋರು. ದನಕ್ಕೆ ಹೊಟ್ಟೆತುಂಬ ಹುಲ್ಲು ಹಾಕದವನನ್ನು ಅವನ ಅಂಗಳದಲ್ಲೇ ನಿಂತು ಬೈಯುತ್ತಿದ್ದರು. ಆದರೂ ಅವರು ಬಂದರೆಂದರೆ ನನ್ನ ಅಮ್ಮನಿಗೆ ಅರ್ಧ ಚಿಂತೆ ಇಳಿಯುತ್ತಿತ್ತು.

ಎಂಬತ್ತರ ದಶಕದ ಕೊನೆಗೆ ಅಮ್ಮನ ನಾಯಿ ಬೊಗ್ಗ ಬಡವಾಗತೊಡಗಿತು. ಮೈತುಂಬ ರೋಮವಿದ್ದ ಊರ ನಾಯಿ ಅದು. ನೋಡಲಿಕ್ಕೆ ದೊಡ್ಡದು, ಎತ್ತಿದರೆ ಹಗುರ. ಅಮ್ಮ ಅದಕ್ಕೆ ಅನ್ನ ಹಾಕದೆ ತಾನು ಉಣ್ಣುತ್ತಿರಲಿಲ್ಲ. ಈಗ ಅದು ಅನ್ನ ಬಿಟ್ಟು ಕೊಡಪಾನಗಟ್ಟಲೆ ನೀರು ಕುಡಿಯುತ್ತಿತ್ತು. ಡಾಕ್ಟ್ರು ಸೊಂಟದ ಹತ್ತಿರ ಒತ್ತಿ ನೋಡಿದರು. “ಕಿಡ್ನಿ ಸಣ್ಣ ಆದ ಹಾಗೆ ಕಾಣ್ತದೆ. ಖಾತ್ರಿ ಹೇಳ್ಲಿಕ್ಕೆ ಆಗುದಿಲ್ಲ.”

ಪುತ್ತೂರಿಗೆ ಆಗಷ್ಟೇ ಸ್ಕ್ಯಾನಿಂಗ್ ಮೆಷಿನ್ ಬಂದಿತ್ತು. ಮನುಷ್ಯರಿಗೆ ಅಂತ ಬಂದದ್ದು. ನಾಯಿಗೆ ಯಾರು ಮಾಡಿಯಾರು? ನಮ್ಮ ಡಾಕ್ಟ್ರು ಅಲ್ಲಿಯ ಡಾಕ್ಟರಮ್ಮನ ಬೆನ್ನು ಬಿದ್ದು ಒಪ್ಪಿಸಿದರು. ಭಾನುವಾರ ಮಧ್ಯಾಹ್ನ, ಬಸುರಿಯರೆಲ್ಲ ಹೋದ ಮೇಲೆ, ಹಿಂಬಾಗಿಲಿನಿಂದ ನಾಯಿಯನ್ನು ಒಳಗೆ ಸಾಗಿಸಿದೆವು. ನಾನು ಕಾಲು ಹಿಡಿದುಕೊಂಡೆ. ಹೊಟ್ಟೆಯ ರೋಮ ಬೋಳಿಸಿ, ಅಂಟಂಟು ಜೆಲ್ ಹಚ್ಚಿ, ಡಾಕ್ಟರಮ್ಮ ಪರದೆಯ ಮೇಲೆ ಕಿಡ್ನಿಯ ಉದ್ದ ಅಳೆದರು.

“ಐದೂವರೆ ಸೆಂಟಿಮೀಟರ್. ಮನುಷ್ಯರದ್ದಾದರೆ ನಾನು ಹೇಳ್ತೇನೆ. ನಾಯಿಗೆ ಎಷ್ಟಿರಬೇಕು, ನಂಗೆ ಗೊತ್ತಿಲ್ಲ.”

“ನಂಗೆ ಗೊತ್ತುಂಟು,” ಎಂದರು ನಮ್ಮ ಡಾಕ್ಟ್ರು. “ಎಂಟಾದ್ರೂ ಬೇಕು. ಇದು ಸುಕ್ಕಿ ಹೋಗಿದೆ.”

ರಕ್ತ, ಮೂತ್ರ ಪರೀಕ್ಷೆ ಮಾಡಿಸುದಾ ಎಂದು ಕೇಳಿದೆ. “ಕಣ್ಣಾರೆ ಕಂಡ ಮೇಲೆ ಅದೆಲ್ಲ ಯಾಕೆ?” ಅಂದರು. ನನಗೂ ಸರಿ ಕಂಡಿತು. ನಾಯಿಗೆ ಸ್ಕ್ಯಾನಿಂಗ್ ಮಾಡಿಸಿದ್ದೇನೆಂದು ದಾರಿಯುದ್ದಕ್ಕೂ ಬಸ್ಸಿನವರಿಗೆಲ್ಲ ಜಂಬ ಕೊಚ್ಚಿದೆ. ಥೂ, ಈಗ ನೆನೆದರೆ ಮುಖ ಎಲ್ಲಿಡುವುದೆಂದು ಗೊತ್ತಾಗುವುದಿಲ್ಲ.

ಇನ್ನು ನರಳಿಸುವುದು ಬೇಡ ಎಂದು ಅವರೇ ಅಮ್ಮನನ್ನು ಒಪ್ಪಿಸಿದರು. ಅಮ್ಮ ತಲೆ ಹಿಡಿದುಕೊಂಡಳು, ಅವರು ಇಂಜೆಕ್ಷನ್ ಕೊಟ್ಟರು. ಬೊಗ್ಗ ಅಂಗಳದಲ್ಲೇ ಹೋಯಿತು.

ಕೆಲವು ತಿಂಗಳ ನಂತರ ಸುಡುಬಿಸಿಲಲ್ಲಿ ಡಾಕ್ಟ್ರು ಕರೆಯದೆ ಬಂದರು. ಅಮ್ಮ ಪದ್ಧತಿಯಂತೆ ಬೆಲ್ಲ, ನೀರು ತಂದಿಟ್ಟಳು. ಅವರು ಮುಟ್ಟಲಿಲ್ಲ. ನಮ್ಮ ಕಡೆ ಬೆಲ್ಲ ನೀರು ಮುಟ್ಟದವನೆಂದರೆ ಜಗಳಕ್ಕೆ ಬಂದವನೇ. ಅಮ್ಮನ ಮುಖ ಸಣ್ಣದಾಯಿತು.

“ಹೇಳಿ ಆದ ಮೇಲೂ ಕೊಡುವ ಮನಸ್ಸಿದ್ರೆ ಕೊಡಿ ಅಮ್ಮ,” ಎಂದರು. “ಮೊನ್ನೆ ಬಸ್ಸಿಗೆ ಸಿಕ್ಕಿದ ಒಂದು ನಾಯಿಯನ್ನು ಅದೇ ಮೆಷಿನಲ್ಲಿ ನೋಡಿದೆವು. ಗಟ್ಟಿಮುಟ್ಟಾದ ಊರ ನಾಯಿ, ಬೊಗ್ಗನಷ್ಟೇ ಗಾತ್ರ. ಅದರ ಕಿಡ್ನಿಯೂ ಅಷ್ಟೇ ಉಂಟು. ಕಾಲೇಜಲ್ಲಿ ನಾನು ಕೊಯ್ದು ನೋಡಿದ್ದು ಒಂದು ಆಲ್ಸೇಶಿಯನ್, ದೊಡ್ಡ ಜಾತಿಯ ನಾಯಿ. ಆ ಅಳತೆ ತಲೆಯಲ್ಲಿ ಕೂತಿತ್ತು. ನಿಮ್ಮ ನಾಯಿಗೆ ಅದನ್ನೇ ಹಿಡಿದೆ.”

“ಹಾಗಾದ್ರೆ ನೀರು ಕುಡಿತಿದ್ದದ್ದು ಎಂತಕ್ಕೆ?” ಎಂದೆ ನಾನು.

“ಸಕ್ಕರೆ ಕಾಯಿಲೆ ಇದ್ದಿರಬಹುದು. ಮೂತ್ರ ನೋಡಿದ್ರೆ ಗೊತ್ತಾಗ್ತಿತ್ತು. ನಾನು ನೋಡ್ಲಿಲ್ಲ.”

ಅಮ್ಮ ಮೆಲ್ಲಗೆ, “ಸೂಜಿ ಹಾಕುವಾಗ ಅದು ನಿಮ್ಮ ಕೈ ನೆಕ್ಕಿತಲ್ಲ ಡಾಕ್ಟ್ರೆ” ಎಂದಳು. ಸಿಟ್ಟಿನಿಂದ ಹೇಳಿದ್ದಲ್ಲ. ಅವಳು ನಾಲ್ಕು ಬೈದಿದ್ದರೆ ಅವರಿಗೆ ಹಗುರವಾಗುತ್ತಿತ್ತೋ ಏನೋ. ತಲೆ ಬಗ್ಗಿಸಿ ಕೂತರು. ಅಮ್ಮ ಚೆಂಬನ್ನು ಅವರ ಹತ್ತಿರಕ್ಕೆ ಸರಿಸಿ, “ಕುಡೀರಿ, ಬಿಸಿಲಲ್ಲಿ ಬಂದಿದ್ದೀರಿ” ಎಂದಳು. ಅವರು ಬೆಲ್ಲದ ತುಂಡು ಬಾಯಿಗೆ ಹಾಕಿಕೊಂಡರು. ಅಷ್ಟು ಜೋರು ಬಾಯಿಯ ಮನುಷ್ಯ ನಮ್ಮ ಜಗಲಿಯಲ್ಲಿ ಕೂತು ಅತ್ತರು. ನಾನು ನಾಚಿಕೆಯಿಂದ ಹಟ್ಟಿಯ ಕಡೆ ಎದ್ದುಹೋದೆ.

ಅಲ್ಲಿಗೆ ಮುಗಿಸಬಹುದಿತ್ತು. ಅವರು ಮುಗಿಸಲಿಲ್ಲ. ಕಡಬವಿರಲಿ, ಸುಳ್ಯವಿರಲಿ, ಯಾರಾದರೂ ನಾಯಿಗೆ ಕೊನೆಯ ಸೂಜಿ ಕೊಡಿ ಎಂದರೆ ಮೊದಲು ಬೊಗ್ಗನ ಕತೆ ಹೇಳುತ್ತಿದ್ದರು. “ಇಂಥ ತಪ್ಪು ಮಾಡಿದ ಜನ ನಾನು. ಇದನ್ನು ಕೇಳಿ, ಮತ್ತೆ ಹೂಂ ಅನ್ನಿ.” ಕೆಲವರು ಬೇರೆ ಡಾಕ್ಟರನ್ನು ಹುಡುಕಿಕೊಂಡರು. ನಾಯಿ ಕೊಂದ ಡಾಕ್ಟ್ರು ಎಂಬ ಹೆಸರೂ ಬಿತ್ತು. ಸಾಕು ಬಿಡಿ, ಎಷ್ಟು ಸಲ ಹೇಳುದು ಎಂದು ನಾನೊಮ್ಮೆ ರೇಗಿದೆ. “ಮರ್ಯಾದೆ ಹೋದ್ರೆ ನನ್ನದು ಹೋಗ್ತದೆ. ಹೇಳದಿದ್ರೆ ಹೋಗುದು ನಾಯಿಯ ಜೀವ” ಎಂದರು.

ಅವರು ತೀರಿಕೊಂಡ ದಿನ ಸುಳ್ಯದ ಮನೆಗೆ ಹೋಗಿ ಮುಖ ನೋಡಿ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತವರು ನಗುತ್ತಾ, “ನಾಯಿ ಕೊಂದ ಡಾಕ್ಟ್ರು ಹೋದ್ರಂತೆ, ಗೊತ್ತುಂಟಾ?” ಎಂದರು.

“ಅದು ನಮ್ಮ ನಾಯಿ,” ಎಂದೆ. “ಅವರು ಬಂದು ಹೇಳದಿದ್ರೆ ನಮಗೆ ಸಾಯುವವರೆಗೂ ಗೊತ್ತಾಗ್ತಿರ್ಲಿಲ್ಲ. ನೀವಾಗಿದ್ರೆ ಹೇಳ್ತಿದ್ರಾ?”

ಅವರ ನಗು ನಿಂತಿತು. “ಇಲ್ಲ ಮಾರಾಯ್ರೆ. ನೀವು?” ಎಂದರು.