ರಟ್ಟಿನ ಎಂಜಿನ್ ಕಟ್ಟುವ ಅತ್ತಿಗೆ

ಒಲೆಯ ಮೇಲಿನ ಪಾತ್ರೆಯಲ್ಲಿ ಮೈದಾ ಹಿಟ್ಟು ಬೇಯುತ್ತಿದೆ. ಗಂಟು ಕಟ್ಟದಂತೆ ಅತ್ತಿಗೆ ಒಂದೇ ಸಮನೆ ತಿರುವುತ್ತಿದ್ದಾರೆ. ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮುಖ ತೊಳೆದುಕೊಂಡು ಬಂದ ಗಂಡ ಪಾತ್ರೆಯೊಳಗೆ ಆಸೆಯಿಂದ ಇಣುಕುತ್ತಾರೆ.

“ಗಂಜಿನಾ?”

“ಅಂಟು.”

“ಮತ್ತೆ ಎಂಜಿನ್ನಾ? ಅದು ಆಗ್ಲೇ ಕೂತಿದೆಯಲ್ಲೇ!”

“ಎಂಜಿನ್ನಿಗಲ್ಲ ರೀ, ಗೋಡೆಗೆ. ನಿಮ್ಮ ಹೊಟ್ಟೆ ಒಂದು ಗಳಿಗೆ ತಾಳಲಿ.”

ಪಾತ್ರೆಯನ್ನು ಹಳೇ ಬಟ್ಟೆಯಲ್ಲಿ ಹಿಡಿದುಕೊಂಡು ಅತ್ತಿಗೆ ಹಿತ್ತಲ ಬಾಗಿಲಿನಿಂದ ಗ್ಯಾರೇಜಿಗೆ ಇಳಿಯುತ್ತಾರೆ. ಗ್ಯಾರೇಜುಗಳ ಆ ಬೀದಿಯಲ್ಲಿ ಅವರು ಎಲ್ಲರಿಗೂ ಅತ್ತಿಗೆಯೇ. ಮೆಕ್ಯಾನಿಕ್ ಗಂಡನನ್ನು ಎಲ್ಲರೂ ಅಣ್ಣ ಎನ್ನುವುದರಿಂದ ತಾನಾಗಿ ಬಂದ ಪದವಿ ಅದು. ಅವರಿಗಿಂತ ಎಷ್ಟೋ ಹಿರಿಯನಾದ ಎದುರಂಗಡಿಯ, ನೆಗ್ಗಿದ ತಗಡು ತಟ್ಟಿ ಸರಿಮಾಡುವ ಟಿಂಕರ್ ಕೂಡ ಕೂಗುವುದು ಹಾಗೆಯೇ.

ಹಳೇ ಕಾರಿಗೆ ದೊಡ್ಡ ಎಂಜಿನ್ ಹಾಕಿಸಬೇಕೆಂದು ಬರುವವರ ಕನಸು ಮೊದಲು ಹಾದುಹೋಗುವುದು ಅತ್ತಿಗೆಯ ಕತ್ತರಿಯ ಕೆಳಗೆ. ಹೊಸ ಎಂಜಿನ್ನಿನ ಮೈಯನ್ನು ಟೇಪಿನಲ್ಲಿ ಅಳೆದು, ಫ್ರಿಜ್ಜಿನ ಅಂಗಡಿಯವರು ಬಿಸಾಡುವ ಪೆಟ್ಟಿಗೆಗಳನ್ನು ಕತ್ತರಿಸಿ, ಅಂಟಿಸಿ, ಅಷ್ಟೇ ಗಾತ್ರದ ರಟ್ಟಿನ ಎಂಜಿನ್ ಕಟ್ಟುತ್ತಾರೆ. ಅದನ್ನು ಮಗುವಿನಂತೆ ಎತ್ತಿಕೊಂಡು ಹೋಗಿ ಬಾನೆಟ್ಟಿನೊಳಗೆ ಇಳಿಸುತ್ತಾರೆ. ಎಲ್ಲಿ ತಾಗುತ್ತದೆ, ಏನು ಕೊಯ್ಯಬೇಕು, ಕೊಯ್ದರೆ ಏನು ಹೋಗುತ್ತದೆ ಎಂಬುದೆಲ್ಲ ಆಗ ಕಣ್ಣಿಗೆ ಕಾಣುತ್ತದೆ.

ಮದುವೆಗೆ ಮುಂಚೆ ಅವರು ಹೊಲಿಗೆ ಅಂಗಡಿಯಲ್ಲಿದ್ದವರು. ಗ್ಯಾರೇಜಿಗೆ ಕಾಲಿಟ್ಟದ್ದೂ ಸೀಟಿನ ಕವರ್ ಹೊಲಿಯಲೆಂದೇ. ಆಗೆಲ್ಲ ಗಂಡ ನಿಜವಾದ ಎಂಜಿನ್ನನ್ನೇ ಸರಪಳಿಗೆ ನೇತುಹಾಕಿ, ಇಳಿಸಿ, ತಾಗಿತೆಂದು ಮತ್ತೆ ಎತ್ತಿ ಒದ್ದಾಡುತ್ತಿದ್ದರು. ಒಂದು ದಿನ ಸೊಂಟ ಹಿಡಿದುಕೊಂಡಿತು. ಎಷ್ಟೋ ವಾರ ಹಾಸಿಗೆ ಬಿಟ್ಟು ಏಳಲಿಲ್ಲ, ಗ್ಯಾರೇಜಿನ ಬಾಗಿಲು ತೆರೆಯಲಿಲ್ಲ, ಮನೆ ನಡೆದದ್ದು ಅತ್ತಿಗೆಯ ಹೊಲಿಗೆಯಂತ್ರದಿಂದ.

“ಅಂಗಿ ಹೊಲಿಯೋಕೆ ಮುಂಚೆ ಕಾಗದ ಕತ್ತರಿಸಿ ನೋಡ್ತೀವಿ. ಇವರು ನೇರ ಬಟ್ಟೆಗೇ ಕತ್ತರಿ ಹಾಕ್ತಿದ್ರು. ಹಾಗಂತ ಬೈದೆ. ಬೈದ ತಪ್ಪಿಗೆ ಕೆಲಸ ನನ್ನ ಕೊರಳಿಗೇ ಬಿತ್ತು,” ಎನ್ನುತ್ತಾರೆ.

ಮೊದಲ ರಟ್ಟಿನ ಎಂಜಿನ್ ಕೂದಲೆಳೆಯಷ್ಟೂ ತಪ್ಪಿಲ್ಲದಂತೆ ಕೂತಿತ್ತು. ಅದೇ ಜಾಗದಲ್ಲಿ ಕಬ್ಬಿಣದ್ದನ್ನು ಕೂರಿಸಿ ಸ್ಟಾರ್ಟ್ ಮಾಡಿದರೆ, ಎಂಜಿನ್ ಗಡಗಡ ನಡುಗಿ ಅಕ್ಕಪಕ್ಕದ ತಗಡಿಗೆ ಗುದ್ದತೊಡಗಿತು. “ಅಂಗಿಗೆ ಸಡಿಲು ಬಿಡ್ತೀನಿ, ಕಬ್ಬಿಣಕ್ಯಾಕೆ ಅಂದ್ಕೊಂಡಿದ್ದೆ. ಕಬ್ಬಿಣಾನೂ ಉಸಿರಾಡುತ್ತಪ್ಪ.” ಅಂದಿನಿಂದ ಪ್ರತಿ ರಟ್ಟಿನ ಎಂಜಿನ್ನಿನ ಸುತ್ತಲೂ ಬೆರಳು ದಪ್ಪದ ಪಟ್ಟಿಯೊಂದನ್ನು ಅಂಟಿಸುತ್ತಾರೆ. ಗಂಡಹೆಂಡಿರ ಮಾತಿನಲ್ಲಿ ಅದರ ಹೆಸರು ‘ಉಸಿರು’.

ಈಗ ಗ್ಯಾರೇಜಿನ ನಡುವೆ ನಿಂತಿರುವುದು ಎರಡೇ ಸೀಟಿನ, ಕೆಂಪು ಬಣ್ಣದ ಹಳೇ ಸ್ಪೋರ್ಟ್ಸ್ ಕಾರು. ನಿವೃತ್ತ ಡ್ರಿಲ್ ಮೇಷ್ಟ್ರೊಬ್ಬರದ್ದು. ಅವರು ಒಂಟಿಯಾಗಿ ಬಂದಿರಲಿಲ್ಲ, ಪಕ್ಕದ ಸೀಟಿನಲ್ಲಿ ಅವರ ಅಕ್ಕ ಇದ್ದರು. ಆ ಕಾರು ಕೊಂಡದ್ದೂ, ತಮ್ಮನಿಗೆ ಓಡಿಸಲು ಕಲಿಸಿದ್ದೂ ಆ ಅಕ್ಕನೇ. ಬೆಟ್ಟದ ಏರಿನಲ್ಲಿ ಕಾರು ಏದುಸಿರು ಬಿಟ್ಟರೆ “ಇಳಿದು ತಳ್ಳಲೇನೋ?” ಎಂದು ಈಗಲೂ ಛೇಡಿಸುತ್ತಾರಂತೆ. ಮೇಷ್ಟ್ರಿಗೆ ಅದು ಮರ್ಯಾದೆಯ ಪ್ರಶ್ನೆ. ಗುಜರಿಗೆ ಬಂದ ದೊಡ್ಡ ಕಾರೊಂದರ ಆರು ಸಿಲಿಂಡರಿನ ಎಂಜಿನ್ನನ್ನು ಆಗಲೇ ಕೊಂಡು ತಂದು ಮೂಲೆಯಲ್ಲಿಟ್ಟು, “ಇದು ಕೂರುತ್ತಾ, ಅದೊಂದು ಹೇಳಿ ಸಾಕು” ಎಂದು ಹೋಗಿದ್ದಾರೆ. ಆಮೇಲೆ ಅದನ್ನೇ ಕೇಳಿ ಎರಡು ಪತ್ರ ಬರೆದಿದ್ದಾರೆ.

ಉತ್ತರವನ್ನು ಅತ್ತಿಗೆ ಯಾವಾಗಲೂ ಪತ್ರದಲ್ಲೇ ಕೊಡುವುದು. “ಫೋನಲ್ಲಿ ಹೇಳಿದ್ರೆ ‘ಆಗುತ್ತೆ’ ಅನ್ನೋದಷ್ಟೇ ಕೇಳಿಸುತ್ತೆ. ‘ಆದರೆ’ ಅನ್ನೋ ಹೊತ್ತಿಗೆ ಇಟ್ಟೇ ಬಿಟ್ಟಿರ್ತಾರೆ.” ಆದರೆ ಈ ಸಲದ ಪತ್ರ ‘ಕೂರುತ್ತೆ’ ಎಂಬಲ್ಲಿಗೆ ನಿಂತು, ಬಹಳ ದಿನದಿಂದ ಕಿಟಕಿಯ ಮೇಲೆ ಧೂಳು ತಿನ್ನುತ್ತಿದೆ.

ರಟ್ಟಿನ ಎಂಜಿನ್ ಇಳಿಸಿ ನೋಡಿಯಾಗಿದೆ, ಕೂರುವುದೇನೋ ನಿಜ. ರೇಡಿಯೇಟರನ್ನು ಮುಂದಕ್ಕೆ ತಳ್ಳಬಹುದು, ಭಾರಕ್ಕೆ ತಕ್ಕ ಸ್ಪ್ರಿಂಗ್, ಬ್ರೇಕ್ ಹಾಕಬಹುದು. ಇಂಥ ಕೆಲಸಕ್ಕಾಗಿ ವರ್ಷಗಳಿಂದ ಕಾದಿದ್ದ ಗಂಡನ ಬಳಿ ಎಲ್ಲಕ್ಕೂ ಉತ್ತರವಿದೆ. ಅಷ್ಟಾದರೂ ಉದ್ದನೆಯ ಎಂಜಿನ್ನಿನ ಬಾಲ ಉಳಿಯುತ್ತದೆ. ಎಂಜಿನ್ನಿಗೂ ಸೀಟಿಗೂ ನಡುವಿನ ತಗಡಿನ ಗೋಡೆಯನ್ನು ಎಡಗಡೆ ಒಂದು ಗೇಣು ಒಳಕ್ಕೆ ಸರಿಸಬೇಕು. “ಒಂದು ಗೇಣು ತಾನೇ” ಎಂಬುದು ಗಂಡನ ವಾದ. ಅತ್ತಿಗೆ ಬೇಡವೆಂದರೆ ಮೇಷ್ಟ್ರು ಬೇರೆ ಗ್ಯಾರೇಜಿಗೆ ಹೋಗಬಹುದು, ಅಲ್ಲಿ ಯಾರೂ ರಟ್ಟು ಕತ್ತರಿಸುತ್ತ ಕೂರುವುದಿಲ್ಲ. ಕೊಯ್ದ ತಗಡು ಮತ್ತೆ ಕೂಡುವುದೂ ಇಲ್ಲ.

ಬೆಳಗಿನ ಅಂಟಿನಲ್ಲಿ ಅತ್ತಿಗೆ ಆ ಗೋಡೆಯನ್ನೂ ರಟ್ಟಿನಲ್ಲಿ ಕಟ್ಟಿ, ಆರಿದ ಮೇಲೆ ಸರಿಯಬೇಕಾದ ಜಾಗದಲ್ಲೇ ನಿಲ್ಲಿಸುತ್ತಾರೆ.

“ಬನ್ನಿ, ಎಡಗಡೆ ಸೀಟಲ್ಲಿ ಕೂತ್ಕೊಳ್ಳಿ.”

“ನಾನ್ಯಾಕೆ?”

“ಕೂತ್ಕೊಳ್ಳಿ ಅಂದೆ.”

ಗಂಡ ಗೊಣಗುತ್ತಲೇ ಒಳಗೆ ತೂರಿಕೊಳ್ಳುತ್ತಾರೆ. ಕಾಲು ಚಾಚಲು ಜಾಗವಿಲ್ಲ, ಮಂಡಿ ಗದ್ದಕ್ಕೆ ಬರುತ್ತದೆ. ಬಾಗಿಲಲ್ಲಿ ನಿಂತ ಟಿಂಕರ್ ಬಾಯಿ ತುಂಬ ನಗುತ್ತಾನೆ. “ಅಣ್ಣ, ಕೋಳಿ ಕಾವಿಗೆ ಕೂತಂಗಿದೆ!”

“ನಿಮ್ಮ ಕಾಲು ಮಡಚುತ್ತೆ, ಹೆಂಗೋ ಹಿಡಿಸ್ತು,” ಎನ್ನುತ್ತಾರೆ ಅತ್ತಿಗೆ. “ಅವತ್ತು ನೀವು ಬಾನೆಟ್ ಎತ್ತಿ ನೋಡ್ತಿದ್ರಿ. ನಾನು ಆ ಅಕ್ಕ ಇಳಿಯೋದು ನೋಡ್ತಿದ್ದೆ. ಎಡಗಾಲನ್ನ ಎರಡೂ ಕೈಲಿ ಹಿಡಿದು ಆಚೆ ಇಟ್ರು. ಅದು ಮಡಚೋ ಕಾಲಲ್ಲ ರೀ.”

ಗಂಡ ಸೀಟು ಬಿಟ್ಟು ಏಳುವುದಿಲ್ಲ. ರಟ್ಟಿನ ಗೋಡೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ.

“ಹಳೇ ಎಂಜಿನ್ನೇ ಬಿಚ್ಚಿ ಹೊಸದು ಮಾಡೋಣ,” ಎನ್ನುತ್ತಾರೆ ಕೊನೆಗೆ. “ಹಿಂದಿನ ಆಕ್ಸಲ್‌ನ ಹಲ್ಲುಚಕ್ರ ಬದಲಾಯಿಸಿದ್ರೆ ಏರು ಹತ್ತುತ್ತೆ. ಓಟ ಕಮ್ಮಿಯಾಗುತ್ತೆ, ಅಷ್ಟೇ.”

“ಬರೀಲಾ?”

“ಬರಿ. ಐಡಿಯಾ ನಂದು ಅಂತಾನೂ ಬರಿ. ಈಗ ಎಬ್ಬಿಸು, ಸೊಂಟ ಹಿಡೀತು.”

ವರ್ಷಕ್ಕೆ ಎಷ್ಟು ಕಾರು ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ ಅತ್ತಿಗೆ ಮರುಪ್ರಶ್ನೆ ಹಾಕುತ್ತಾರೆ. “ಬೇಡ ಅಂದಿದ್ದನ್ನೂ ಸೇರಿಸ್ಬೇಕಾ? ಮಾಡಿದ ಕೆಲಸ ಬಾನೆಟ್ ಎತ್ತಿದ್ರೆ ಕಾಣುತ್ತೆ. ಮಾಡದೆ ಉಳಿಸಿದ್ದು ಎಲ್ಲಿ ಕಾಣ್ಬೇಕು? ಆ ಗಾಡೀಲಿ ಅಕ್ಕ ತಮ್ಮ ಒಟ್ಟಿಗೆ ಬೆಟ್ಟ ಹತ್ತಲಿ, ನನಗಷ್ಟೇ ಸಾಕು.”

ಧೂಳು ಕೊಡವಿದ ಪತ್ರದಲ್ಲಿ ‘ಕೂರುತ್ತೆ’ ಎಂಬುದನ್ನು ಅವರು ಹೊಡೆದುಹಾಕುವುದಿಲ್ಲ. ಅದರ ಮುಂದೆಯೇ ಬರೆದು ಸಾಲು ಮುಗಿಸುತ್ತಾರೆ: ‘ಎಂಜಿನ್ ಕೂರುತ್ತೆ ಮೇಷ್ಟ್ರೇ, ನಿಮ್ಮಕ್ಕ ಕೂರಲ್ಲ.’ ಕೆಳಗೆ ಆಕ್ಸಲ್ಲಿನ ವಿಷಯ, ಗಂಡ ಹೇಳಿದ್ದೆಂಬ ಒಕ್ಕಣೆಯ ಸಮೇತ. ಪಾತ್ರೆಯ ತಳದಲ್ಲಿ ಉಳಿದ ಅಂಟನ್ನು ಬೆರಳಲ್ಲಿ ತೆಗೆದು ಲಕೋಟೆಯ ಬಾಯಿ ಮುಚ್ಚುತ್ತಾರೆ. ಬೀದಿಯ ಕೊನೆಯ ಅಂಚೆಪೆಟ್ಟಿಗೆಯವರೆಗೆ ನಡೆದು, ಲಕೋಟೆಯನ್ನು ಒಳಗೆ ಬಿಟ್ಟು, ಅದು ತಳ ಮುಟ್ಟಿದ ಸದ್ದು ಕೇಳಿದ ಮೇಲೆಯೇ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ.