ಎಂಟಣ್ಣನಿಗೆ ನಾನು ಕೊಟ್ಟ ದನಿ

ಒಬ್ಬ ಮನುಷ್ಯನ ದನಿಯನ್ನು ಅನುಕರಿಸಿ ನನ್ನ ಗೆಳೆಯನಿಗೆ ನಾನು ಮೋಸ ಮಾಡಿದೆ — ಆ ಮನುಷ್ಯನ ದನಿ ಹೇಗಿದೆಯೆಂದು ನಾನೇ ಒಂದು ದಿನವೂ ಕೇಳಿರಲಿಲ್ಲ. ಮಿಮಿಕ್ರಿಯವನು ಎಂದು ಊರೆಲ್ಲ ಎದೆ ಉಬ್ಬಿಸಿಕೊಂಡು ತಿರುಗುವವನಿಗೆ ಇದಕ್ಕಿಂತ ದೊಡ್ಡ ನಾಚಿಕೆ ಬೇಕೆ? ಖಾಲಿ ಮನೆಗೆ ಕನ್ನ ಹಾಕಿ, ಬರುವಾಗ ತನ್ನ ಚಪ್ಪಲಿಯನ್ನೇ ಬಿಟ್ಟುಬಂದ ಕಳ್ಳನ ಹಾಗಾಯಿತು ನನ್ನ ಕಥೆ.

ನನ್ನ ಹೆಸರು ಶ್ರೀನಿವಾಸ. ದೊಡ್ಡಬಳ್ಳಾಪುರದ ನಮ್ಮ ನೇಕಾರರ ಬೀದಿಗೆ ಬರೀ ಸೀನ. ಸೀರೆ ಕೊಳ್ಳಲು ಬರುವ ಸೇಠು, ಮಂತ್ರದ ಮಧ್ಯೆ ತಟ್ಟೆಗೆ ಎಷ್ಟು ಬಿತ್ತೆಂದು ಇಣುಕುವ ಅರ್ಚಕರು, ಫೋನೆತ್ತಿ ‘ಹಲೋ’ ಅನ್ನುವ ಮುಂಚೆ ನಮ್ಮಪ್ಪ ಕೆಮ್ಮುವ ಕೆಮ್ಮು — ಎಲ್ಲರೂ ನನ್ನ ಗಂಟಲಿನಲ್ಲಿ ಬಾಡಿಗೆಗಿದ್ದಾರೆ. ಹೆಣ್ಣು ನೋಡಲು ಹೋದ ಮನೆಯಲ್ಲಿ ಹುಡುಗಿಯ ಅಪ್ಪನ ದನಿಯಲ್ಲೇ ಇನ್ನೊಂದು ಲೋಟ ಕಾಫಿ ಕೇಳಿ, ಆ ಸಂಬಂಧವನ್ನೂ ಕಾಫಿಯ ಜೊತೆಗೇ ಕುಡಿದು ಬಂದವನು ನಾನು.

ಲೋಕೇಶ — ಲೋಕಿ — ನಮ್ಮ ಪಕ್ಕದ ಗೋಡೆಯವನು. ಅವನದೂ ಮಗ್ಗದ ಮನೆ, ನಮ್ಮದೂ ಮಗ್ಗದ ಮನೆ. ಕರೆಂಟಿನ ಮಗ್ಗಗಳು ಶುರುವಾದರೆ ಅಲ್ಲಿ ಮಾತಿಗೆ ಜಾಗವಿಲ್ಲ. ಕಿವಿಯ ಹತ್ತಿರ ಬಾಯಿಟ್ಟು ಕೂಗಿದರೂ ಅರ್ಧ ಮಾತು ಆ ಸದ್ದಿಗೇ ಹೋಗುತ್ತದೆ. ಹಾಗಾಗಿ ನಾವು ಹುಟ್ಟಿದಾಗಿನಿಂದ ಕೈಯಲ್ಲೇ ಮಾತಾಡುವವರು. ಅಂಗೈ ಕೆಳಗೆ ಮಾಡಿ ಮೆಲ್ಲಗೆ ಒತ್ತಿದರೆ ‘ನಿಲ್ಲಿಸು’. ಎರಡು ಬೆರಳನ್ನು ಕತ್ತರಿಯಂತೆ ಆಡಿಸಿದರೆ ‘ನೂಲು ತುಂಡಾಯಿತು’. ಆ ಸದ್ದಿನಲ್ಲೇ ಲೋಕಿ ತನ್ನ ಫೋನನ್ನು ಮಗ್ಗದ ಕಂಬಕ್ಕೆ ದಾರದಿಂದ ಕಟ್ಟಿಕೊಂಡು ಫುಟ್‌ಬಾಲ್ ನೋಡುತ್ತಿದ್ದ. ಸೌಂಡ್ ಇಟ್ಟೂ ಪ್ರಯೋಜನವಿಲ್ಲವೆಂದು ಇಡುತ್ತಲೇ ಇರಲಿಲ್ಲ.

ಹಾಗೆ ಅವನ ಕಣ್ಣಿಗೆ ಬಿದ್ದವನು ಆ ಸ್ಪೇನಿನವನು. ಮೈದಾನದ ನಟ್ಟನಡುವೆ ಆಡುವವನು, ಬೆನ್ನ ಮೇಲೆ ಎಂಟನೇ ನಂಬರು. ನಿಜವಾದ ಹೆಸರು ಇಲ್ಲಿ ಬರೆಯುವುದಿಲ್ಲ — ಅವನ ವಿಷಯದಲ್ಲಿ ನಾನು ಮಾಡಿದ್ದೇ ಸಾಕು. ಲೋಕಿಗೆ ಅವನು ಎಂಟಣ್ಣ.

ಮೊದಲ ಸಲ ನೋಡಿದ್ದು ಪೋಲೆಂಡಿನ ಯಾವುದೋ ಪಂದ್ಯ. ಇಲ್ಲಿ ನಾವು ತಗಡಿನ ಸೂರಿನ ಕೆಳಗೆ ಬೆವರಿನಲ್ಲಿ ಬೇಯುತ್ತಿದ್ದೇವೆ, ಅಲ್ಲಿ ಹಿಮ ಸುರಿಯುತ್ತಿದೆ. ಎಲ್ಲರೂ ಜಾರಿ ಬೀಳುವವರೇ. ಎಂಟಣ್ಣ ಮಾತ್ರ ಹಿತ್ತಲಿಗೆ ಸೊಪ್ಪು ಕೀಳಲು ಹೊರಟವನಂತೆ ನಡೆಯುತ್ತಿದ್ದ. ಚೆಂಡು ಬಂತು, ಕೊಟ್ಟ. ಮತ್ತೆ ಬಂತು, ಮತ್ತೆ ಕೊಟ್ಟ. ಗೋಲು ಹೊಡೆದವನು ಇನ್ಯಾರೋ. ಕುಣಿದವರು ಹತ್ತು ಜನ. ಇವನು ಸುಮ್ಮನೆ ತನ್ನ ಜಾಗಕ್ಕೆ ವಾಪಸ್ಸು ಬಂದು ನಿಂತ.

‘ನೋಡ್ಲಾ ಸೀನ,’ ಅಂದಿದ್ದ ಲೋಕಿ, ಮಗ್ಗ ನಿಲ್ಲಿಸಿ, ‘ಬಾಯೇ ಬಿಡಲ್ಲ ಕಣೋ. ಎಲ್ಲಾ ಕೈಯಲ್ಲೇ. ಅಗೋ, ಅಂಗೈ ಒತ್ತಿದ — ನಿಲ್ಸು ಅಂತ. ನಮ್ಮೋನೇ ಕಣೋ ಇವ್ನು!’

ಆಮೇಲೆ ಲೋಕಿ ಫೋನಿನಲ್ಲೇ ಅವನ ಹಿಂದೆ ಹಿಂದೆಯೇ ಹೋದ. ಎಂಟಣ್ಣನನ್ನು ಹುಟ್ಟಿದೂರಿನ ಕ್ಲಬ್ಬು ಬೇಡವೆಂದಿತ್ತಂತೆ. ಮೊದಲು ಸೈಪ್ರಸ್ಸಿಗೆ ಹೋದನಂತೆ, ಆಮೇಲೆ ಗ್ರೀಸಿಗೆ; ನಾವು ನೋಡುವಾಗ ಪೋಲೆಂಡು, ಅಲ್ಲಿಂದ ಆಸ್ಟ್ರೇಲಿಯಾ. ದೊಡ್ಡ ಕ್ಲಬ್ಬು ಒಂದೂ ಇಲ್ಲ. ಯಾವ ಪೋಸ್ಟರಿನಲ್ಲೂ ಅವನ ಮುಖ ಮುಂದಿನ ಸಾಲಿನಲ್ಲಿಲ್ಲ. ಆದರೂ ಎಲ್ಲಿಗೆ ಹೋದರೂ ಒಂದೆರಡು ತಿಂಗಳಲ್ಲಿ ಆ ತಂಡ ಅವನ ಕೈಯನ್ನು ನೋಡಿ ಆಡತೊಡಗುತ್ತಿತ್ತು. ಭಾಷೆ ಬಾರದ ಊರಿನಲ್ಲಿ, ಪ್ರತಿ ಎರಡು ವರ್ಷಕ್ಕೊಮ್ಮೆ ಹೊಸಬನಾಗಿ, ಮತ್ತೆ ಮೊದಲಿನಿಂದ — ನನಗಾದರೆ ಹೊಸಕೋಟೆಯ ಸೋದರತ್ತೆ ಮನೆಯಲ್ಲಿ ಮೂರು ದಿನ ಇದ್ದರೆ ಜ್ವರ ಬರುತ್ತದೆ. ಗೇಲಿ ಮಾಡಲು ಎಷ್ಟು ಹುಡುಕಿದರೂ ಅವನಲ್ಲಿ ನನಗೆ ಏನೂ ಸಿಗಲಿಲ್ಲ. ಅದೇ ನನ್ನನ್ನು ಕೆಣಕಿತೋ ಏನೋ.

ಕೊನೆಗೆ ಎಂಟಣ್ಣ ನಮ್ಮ ದೇಶದ ಒಂದು ಕ್ಲಬ್ಬಿಗೇ ಬಂದ. ಅವನ ಪುಟದಲ್ಲಿ ಲೋಕಿ ಒಂದು ಫೋಟೊ ಹಾಕಿದ: ಮಗ್ಗ, ಕಂಬಕ್ಕೆ ಕಟ್ಟಿದ ಫೋನು, ಫೋನಿನಲ್ಲಿ ಎಂಟಣ್ಣ. ಕೆಳಗೆ ‘ಬ್ರದರ್, ಫ್ರಮ್ ದೊಡ್ಡಬಳ್ಳಾಪುರ’ ಎಂದು ಬರೆದು ತನ್ನ ಮೊಬೈಲ್ ನಂಬರನ್ನೂ ಹಾಕಿದ. ನಮ್ಮ ಜನ ಎಲ್ಲಿ ಬರೆದರೂ ನಂಬರು ಹಾಕದೆ ಬಿಡುವುದಿಲ್ಲವಲ್ಲ. ಉತ್ತರ ಬರಲಿಲ್ಲ. ಲೋಕಿ ನೂಲು ತುಂಡಾದಾಗಲೆಲ್ಲ ಅದನ್ನು ಕಟ್ಟುವ ಮುಂಚೆ ಒಮ್ಮೆ ಫೋನು ತೆಗೆದು ನೋಡುತ್ತಿದ್ದ.

ನಗಿಸೋಣ ಎಂದುಕೊಂಡೆ. ಅಷ್ಟೇ — ಅಷ್ಟೇ ಎಂದು ಬರೆಯುವಾಗಲೂ ಕೈ ತಡೆಯುತ್ತದೆ. ನನ್ನ ಇನ್ನೊಂದು ಸಿಮ್ಮಿನ ಪ್ರೊಫೈಲಿಗೆ ಎಂಟಣ್ಣನ ಫೋಟೊ ಅಂಟಿಸಿದೆ. ಅವನ ದನಿ ನಾನೂ ಕೇಳಿದವನಲ್ಲ. ನಾನೂ ಮಗ್ಗದ ಸದ್ದಿನಲ್ಲೇ ಅವನನ್ನು ನೋಡಿದವನು. ಗಡ್ಡ ನೋಡಿದೆ, ಭುಜದ ಅಗಲ ನೋಡಿದೆ, ಇಂಥವನಿಗೆ ಇಂಥ ದನಿ ಇರಬೇಕೆಂದು ನಾನೇ ತೀರ್ಮಾನಿಸಿ, ಗಡಿಗೆಯೊಳಗಿಂದ ಬಂದಂಥ ಒಂದು ದಪ್ಪ ದನಿ ತೆಗೆದು ಲೋಕಿಗೆ ವಾಯ್ಸ್ ಮೆಸೇಜು ಕಳಿಸಿದೆ: ‘ಹಲೋ ಲೋಕೇಶ್, ಮೈ ಫ್ರೆಂಡ್. ಐ ಸೀ ಯುವರ್ ಫೋಟೋ. ವೆರಿ ಗುಡ್ ಮಶೀನ್. ಮೈ ಮದರ್ ವಾಂಟ್ ಒನ್ ಸ್ಯಾರಿ.’

ಲೋಕಿ ಮಗ್ಗ ನಿಲ್ಲಿಸಿ ಬೀದಿಗೆ ಬಂದು ಅದನ್ನು ಕೇಳಿದ. ನಾನು ಬಾಗಿಲ ಮರೆಯಲ್ಲಿದ್ದೆ. ಈಗ ಬೈಯುತ್ತಾನೆ, ‘ಲೇ ಸೀನ, ನಿಂದೇ ಕಿತಾಪತಿ’ ಅನ್ನುತ್ತಾನೆ ಎಂದು ಕಾದೆ. ಅವನು ಅನ್ನಲಿಲ್ಲ. ನನ್ನನ್ನು ಕಂಡು ಓಡಿಬಂದು ಕೈ ಹಿಡಿದುಕೊಂಡ.

‘ಅವರಮ್ಮಂಗಂತೆ ಕಣೋ! ಸ್ಪೇನ್ ಹೆಂಗಸ್ರು ಯಾವ ಬಣ್ಣ ಉಡ್ತಾರೆ ಹೇಳು ಗುರು!’

ಆಗ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಆದರೆ ಅವನ ಮುಖ — ಅಷ್ಟು ಬೆಳಕಾದ ಮುಖವನ್ನು ನಾನು ಅವನ ಮದುವೆಯಲ್ಲೂ ನೋಡಿರಲಿಲ್ಲ. ‘ಆಕಾಶದ ಬಣ್ಣ’ ಎಂದುಬಿಟ್ಟೆ. ಅದು ನನ್ನದೇ ದನಿಯಲ್ಲಿ ಹೇಳಿದ ಸುಳ್ಳು. ಮೊದಲನೆಯದಕ್ಕಿಂತ ಅದೇ ದೊಡ್ಡದು ಎಂದು ಈಗ ಅನ್ನಿಸುತ್ತದೆ.

ಮದುವೆ ಕಾಲದ ಸೀರೆಗಳು ಮಗ್ಗದ ಮೇಲಿದ್ದವು. ಸೇಠು ದಿನವೂ ಫೋನು ಮಾಡಿ ಅವಸರಿಸುತ್ತಿದ್ದ. ಲೋಕಿ ಅವನಿಗೆ ಏನೋ ಸಬೂಬು ಹೇಳಿ, ಒಂದು ಮಗ್ಗ ಬಿಡಿಸಿಕೊಂಡು, ತಿಳಿನೀಲಿಯ ಒಂದೇ ಒಂದು ಸೀರೆ ನೇಯ್ದ. ಮೈಯೆಲ್ಲ ಸಾದಾ. ಸೆರಗಿನಲ್ಲಿ ಮಾತ್ರ ಬಿಳಿಯ ಸಣ್ಣ ಸಣ್ಣ ಬುಟ್ಟಾ, ಮೇಲಿಂದ ಉದುರಿದ ಹಾಗೆ. ‘ಪೋಲೆಂಡ್ ಹಿಮ,’ ಅಂದ. ‘ಮಗ ಎಂಥ ಚಳೀಲಿ ಆಡ್ತಿದ್ದ ಅಂತ ಅವರಮ್ಮಂಗೆ ಗೊತ್ತಾಗ್ಲಿ.’

ಹೇಗಾದರೂ ಇದನ್ನು ಮುಗಿಸಬೇಕೆಂದು ಇನ್ನೊಂದು ಮೆಸೇಜು ಕಳಿಸಿದೆ — ಅದೇ ಗಡಿಗೆ ದನಿ: ‘ಸೀಸನ್ ಫಿನಿಶ್, ಸಂಡೇ ಐ ಗೋ ಹೋಮ್. ಸಾರಿ ಮೈ ಫ್ರೆಂಡ್.’ ಭಾನುವಾರ ಬೆಳಿಗ್ಗೆ ಅವನು ಹೊರಡುತ್ತಾನೆಂದು ಕ್ಲಬ್ಬಿನ ಪುಟದಲ್ಲಿ ನಿಜವಾಗಿಯೂ ಇತ್ತು. ಇನ್ನು ಲೋಕಿ ಬೇಜಾರಾಗಿ ಸುಮ್ಮನಾಗುತ್ತಾನೆ ಎಂದುಕೊಂಡೆ. ಬೇರೆ ಊರಿನವರಾದರೆ ಸುಮ್ಮನಾಗುತ್ತಿದ್ದರೇನೋ. ಅವನು ವಿಮಾನ ಹತ್ತುತ್ತಾನೆಂದು ಅದೇ ಪುಟದಲ್ಲಿದ್ದ ಜಾಗ ನಮಗೆ ಪಕ್ಕದ ತಾಲ್ಲೂಕಿನದು.

‘ದೇವನಹಳ್ಳಿ ತಾನೆ?’ ಅಂದ ಲೋಕಿ. ‘ಬೈಕ್ ತೆಗಿ.’

ಇದನ್ನೂ ಒಪ್ಪಿಕೊಳ್ಳುತ್ತೇನೆ: ಆ ದಿನ ಬೈಕನ್ನು ನಾನು ಬೇಕೆಂದೇ ನಿಧಾನವಾಗಿ ಓಡಿಸಿದೆ. ಹಾಲಿನ ಟೆಂಪೊಗಳಿಗೆಲ್ಲ ದಾರಿ ಬಿಟ್ಟೆ. ಟೈರಿನಲ್ಲಿ ಗಾಳಿ ಕಮ್ಮಿ ಎಂದು ಒಂದು ಕಡೆ ನಿಲ್ಲಿಸಿದೆ. ಹಿಂದೆ ಲೋಕಿ ಸೀರೆಯ ಕವರನ್ನು ಮಗುವಿನಂತೆ ಎದೆಗವಚಿಕೊಂಡು ಕೂತಿದ್ದ. ನಾವು ತಲುಪುವಷ್ಟರಲ್ಲಿ ಎಂಟಣ್ಣ ಒಳಗೆ ಹೋಗಿಯಾಗಿತ್ತು. ಟಿಕೆಟ್ ಇಲ್ಲದವರು ಬಾಗಿಲು ದಾಟುವಂತಿಲ್ಲ. ಒಳಗೆ ಹೋದವರು ಈಚೆ ಬರುವಂತಿಲ್ಲ ಎಂದ ಕಾವಲಿನವನು. ಬದುಕಿದೆ ಎಂದುಕೊಂಡೆ.

ಅಷ್ಟರಲ್ಲಿ ಲೋಕಿ ಗಾಜಿನ ಗೋಡೆಗೆ ಮುಖವಿಟ್ಟು ಕೈ ಎತ್ತಿದ್ದ.

ಒಳಗೆ ಎಂಟಣ್ಣ. ಗಾಡಿಯ ತುಂಬ ಪೆಟ್ಟಿಗೆಗಳು, ಹೆಂಡತಿ, ಭುಜದ ಮೇಲೆ ನಿದ್ದೆಹೋದ ಮಗು. ಎಷ್ಟನೆಯ ದೇಶ ಬಿಟ್ಟು ಎಷ್ಟನೆಯ ದೇಶಕ್ಕೋ. ಅವನ ಕಣ್ಣು ಈ ಕಡೆ ತಿರುಗಿದಾಗ ಲೋಕಿ ಅಂಗೈ ಕೆಳಗೆ ಮಾಡಿ ಮೆಲ್ಲಗೆ ಒತ್ತಿದ — ನಮ್ಮ ಮಗ್ಗದ ‘ನಿಲ್ಲಿಸು’. ಆ ಮನುಷ್ಯ ನಿಂತ! ಗಾಡಿಯನ್ನು ಹೆಂಡತಿಯ ಕೈಗೆ ಕೊಟ್ಟು ಗಾಜಿನ ಹತ್ತಿರಕ್ಕೇ ನಡೆದುಬಂದ. ಯಾರೋ ಏನೋ ಎಂದು ಅವನಿಗೆ ಗೊತ್ತಿರಲಿಲ್ಲ, ಗೊತ್ತಿರಲು ಸಾಧ್ಯವೂ ಇರಲಿಲ್ಲ; ಆದರೂ ಬಂದ. ಲೋಕಿ ಸೆರಗು ಬಿಚ್ಚಿ ಗಾಜಿಗೆ ಹಿಡಿದ. ಎಂಟಣ್ಣ ಬಗ್ಗಿ ಆ ಬಿಳಿ ಬುಟ್ಟಾಗಳನ್ನು ನೋಡಿದ, ಕತ್ತೆತ್ತಿ ಲೋಕಿಯನ್ನು ನೋಡಿದ. ಎದೆಯ ಮೇಲೆ ಕೈಯಿಟ್ಟುಕೊಂಡ. ಆಮೇಲೆ ಬಾಯಿ ತೆರೆದು ಏನೋ ಹೇಳಿದ — ಸ್ವಲ್ಪ ಉದ್ದವಾದ ಮಾತು. ಗಾಜು ಒಂದಕ್ಷರವನ್ನೂ ಈಚೆಗೆ ಬಿಡಲಿಲ್ಲ. ಒಳಗಿನಿಂದ ಹೆಂಡತಿ ಕರೆದಳು. ಅವನು ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಡುತ್ತ ಹೋದ.

ಅವನ ನಿಜವಾದ ದನಿಯನ್ನು ನಾನು ಎಷ್ಟೋ ದಿನ ಬಿಟ್ಟು, ಇಯರ್‌ಫೋನ್ ಹಾಕಿಕೊಂಡು ಒಂದು ಸಂದರ್ಶನದಲ್ಲಿ ಕೇಳಿದೆ. ಎಳೆಯ ಹುಡುಗನಂಥ ತೆಳು ದನಿ, ಪ್ರತಿ ಮಾತಿಗೂ ಸ್ವಲ್ಪ ಸಂಕೋಚ. ನನಗೆ ಆ ದನಿ ತೆಗೆಯುವುದು ಕಷ್ಟವೇನಲ್ಲ. ತೆಗೆದಿಲ್ಲ. ತೆಗೆಯುವುದೂ ಇಲ್ಲ.

ಆದರೆ ಆ ಹೊತ್ತು ಲೋಕಿ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದ್ದ. ‘ಏನಂದ ಲಾ? ನಿಂಗೆ ಬಾಯಿ ನೋಡಿದ್ರೇ ಗೊತ್ತಾಗುತ್ತಲ್ಲ, ಅವನ ಥರಾನೇ ಹೇಳು.’

ನನ್ನ ಗಂಟಲಿನಲ್ಲಿದ್ದ ಸೇಠು, ಅರ್ಚಕರು, ಅಪ್ಪ — ಒಬ್ಬರೂ ಸಹಾಯಕ್ಕೆ ಬರಲಿಲ್ಲ. ನನ್ನದೇ ದನಿಯಲ್ಲಿ, ನನಗೇ ಗುರುತು ಸಿಗದಂಥ ದನಿಯಲ್ಲಿ ಹೇಳಿದೆ: ‘ಲೋಕಿ... ಆ ಮೆಸೇಜು ಕಳ್ಸಿದ್ದು ನಾನು. ಎರಡೂ.’

ಅವನು ಗಾಜಿನ ಆಚೆಗೆ ಇನ್ನೊಮ್ಮೆ ನೋಡಿದ. ಅಲ್ಲಿ ಆಗಲೇ ಯಾರೂ ಇರಲಿಲ್ಲ.

‘ಅವನು ಬಾಯಿ ಬಿಟ್ಟಾಗ ನಂಗೆ ನಿನ್ ದನಿ ಕೇಳಿಸ್ತು ಕಣೋ,’ ಅಂದ ಮೆಲ್ಲಗೆ. ‘ಇಷ್ಟು ವರ್ಷ ದನಿ ಇಲ್ದೇ ಸುಮ್ನೆ ನೋಡ್ತಿದ್ನಲ್ಲ... ಇನ್ನು ಹೆಂಗೋ ನೋಡ್ಲಿ?’

ನಾನು ಏನೇನೋ ಹೇಳಿದೆ. ತಪ್ಪಾಯ್ತು ಎಂದೆ, ಸೀರೆಯನ್ನು ಹೇಗಾದರೂ ಸ್ಪೇನಿಗೆ ಮುಟ್ಟಿಸುತ್ತೇನೆ ಎಂದೆ, ಕಾಲು ಹಿಡಿಯಲೂ ಬಗ್ಗಿದೆ. ಅವನು ನೆಲದ ಮೇಲೆ ಕೂತು, ಸೆರಗನ್ನು ಮಡಿಕೆಗೆ ಮಡಿಕೆ ಕೂಡಿಸಿ, ಒಂದು ಬುಟ್ಟಾವೂ ಮುರಿಯದಂತೆ ಸೀರೆ ಮಡಚಿದ. ಕವರಿನೊಳಗಿಟ್ಟ. ಎದ್ದು ಅದನ್ನು ನನ್ನ ಎದೆಗೆ ಒತ್ತಿ ಹೇಳಿದ:

‘ತಗೊಂಡೋಗಿ ನಿಮ್ಮಮ್ಮಂಗೆ ಕೊಡು. ನಮ್ಮಮ್ಮಂಗೊಂದು ಸೀರೆ ಬೇಕು ಅಂತ ಕೇಳ್ದೋನು ನೀನೇ ತಾನೆ.’