ಫೋಟೋದೊಳಗಿನ ಬಲಗೈ

ಯಾರ ಮನೆಗೆ ಹೋದರೂ ನನ್ನ ಕಣ್ಣು ನನಗಿಂತ ಮೊದಲೇ ಒಳಗೆ ಹೋಗುತ್ತದೆ. ನಾನು ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಗೋಡೆಯ ಕ್ಯಾಲೆಂಡರು ವಾಲಿರುವುದನ್ನು, ಟಿ.ವಿ. ಮೇಲೆ ಹಾಸಿದ ಬಟ್ಟೆಯ ಒಂದು ಮೂಲೆ ಹೆಚ್ಚು ಇಳಿಬಿದ್ದಿರುವುದನ್ನು, ನೆಲದ ಟೈಲ್ಸಿನಲ್ಲಿ ಒಂದು ಹೂವು ತಲೆಕೆಳಗಾಗಿ ಕೂತಿರುವುದನ್ನು ನೋಡಿಕೊಂಡು ಬಂದಿರುತ್ತದೆ. ಆಮೇಲೆ ಅವರು ಕೊಟ್ಟ ಕಾಫಿ ಗಂಟಲಲ್ಲಿ ಇಳಿಯುವುದಿಲ್ಲ. ಎದ್ದು ಕ್ಯಾಲೆಂಡರನ್ನು ನೆಟ್ಟಗೆ ಮಾಡಿದರೆ ಮಾತ್ರ ಸಮಾಧಾನ. ನಮ್ಮ ಯಜಮಾನರು ಇದನ್ನು ಕಾಯಿಲೆ ಎನ್ನುತ್ತಾರೆ. ಚನ್ನಪಟ್ಟಣದ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಹೇಳಿಕೊಡುತ್ತಿದ್ದ ನಾನು ಇದನ್ನು ವೃತ್ತಿ ಎಂದುಕೊಂಡಿದ್ದೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಈ ಕಣ್ಣಿಗೆ ಕೆಲಸ ಹೆಚ್ಚಾಯಿತು. ಹೆದ್ದಾರಿಯ ಪಕ್ಕ ಕಾರ್ಖಾನೆಗಳು ಎದ್ದವು, ಅವುಗಳ ಬೆನ್ನಿಗೆ ಅಂಗಡಿಗಳು ಬಂದವು, ಅಂಗಡಿಗಳ ನೆತ್ತಿಯ ಮೇಲೆ ಫ್ಲೆಕ್ಸ್ ಬೋರ್ಡುಗಳು ಬಂದವು. ಮೊದಲು ಬೋರ್ಡು ಬರೆಯುವವನು ‘ಕನಕಪುರ’ ಎಂದು ಬರೆಯಲು ಹೊರಟು, ಜಾಗ ಸಾಲದೆ, ಕೊನೆಯ ‘ರ’ವನ್ನು ಹಿಸುಕಿ ಮೂಲೆಗೆ ತುರುಕುತ್ತಿದ್ದ. ತಪ್ಪೇ, ಆದರೆ ಯಾರೋ ಒಬ್ಬ ಏಣಿಯ ಮೇಲೆ ನಿಂತು ಪೇಚಾಡಿದ್ದು ಅದರಲ್ಲಿ ಕಾಣುತ್ತಿತ್ತು. ಫ್ಲೆಕ್ಸಿನಲ್ಲಿ ಪೇಚಾಟವೇ ಇಲ್ಲ. ಅಕ್ಷರ ಹಿಗ್ಗಲಿ ಎಂದರೆ ಹಿಗ್ಗುತ್ತದೆ, ಕುಗ್ಗಲಿ ಎಂದರೆ ಕುಗ್ಗುತ್ತದೆ. ಹೇಳಿದ ಮಾತನ್ನು ಇಷ್ಟೊಂದು ಕೇಳುವ ವಸ್ತುವಿನ ಮೇಲೆ ನನಗೆ ಅನುಮಾನ.

ಅದಕ್ಕಿಂತ ದೊಡ್ಡ ಅನುಮಾನ ಫೋಟೋ ಸ್ಟುಡಿಯೋಗಳ ಮೇಲೆ. ಅವರ ಕೈಗೆ ಕಂಪ್ಯೂಟರು ಬಂದದ್ದೇ ತಡ, ಎತ್ತ ತಿರುಗಿದರೂ ಬಂಡೆಬೆಟ್ಟವಿರುವ ನಮ್ಮ ಸೀಮೆಯ ಹುಡುಗರು ಹಿಮದ ಬೆಟ್ಟದ ಮುಂದೆ ತೆಳ್ಳಗಿನ ಅಂಗಿ ತೊಟ್ಟು ನಗತೊಡಗಿದರು. ಮೂಗಿನ ನೆರಳು ಎಡಕ್ಕೆ ಬಿದ್ದರೆ ಹಿಂದಿನ ಮರದ ನೆರಳು ಬಲಕ್ಕೆ. ಇದನ್ನು ಒಂದೆರಡು ಕಡೆ ಬಾಯಿಬಿಟ್ಟು ಹೇಳಿದ್ದೇ ತಪ್ಪಾಯಿತು. ನೆಂಟರಲ್ಲಿ ಯಾವ ಸಂಬಂಧ ಬಂದರೂ “ಡ್ರಾಯಿಂಗ್ ಮೇಡಮ್ಮಂಗೆ ಒಂದ್ಸಲ ತೋರ್ಸಿ” ಎನ್ನುವುದು ರೂಢಿಯಾಯಿತು. ಜಾತಕ ಜೋಯಿಸರಿಗೆ, ಫೋಟೋ ನನಗೆ.

ಹಾಗೆ ಒಂದು ಭಾನುವಾರ ಕೈಲಾಂಚದಿಂದ ನಮ್ಮಣ್ಣ ಸ್ಕೂಟರಿನಲ್ಲಿ ಬಂದ. ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವವನು. ಮಗಳು ಸವಿತಳಿಗೆ ಗಂಡು ನೋಡುತ್ತಿದ್ದ. ಜೇಬಿನಿಂದ ಒಂದು ಫೋಟೋ ತೆಗೆದು ನನ್ನ ಮುಂದಿಟ್ಟ.

“ಉಯ್ಯಂಬಳ್ಳಿ ಕಡೆ ಹುಡುಗ ಕಣಮ್ಮಿ. ಮಹದೇವ ಅಂತ. ಫ್ಯಾಕ್ಟ್ರೀಲಿ ಕೆಲ್ಸ ಐತೆ, ಊರಲ್ಲಿ ಜಮೀನೂ ಐತೆ. ಒಸಿ ನೋಡು.”

ನೋಡಿದೆ. ಹಿಮದ ಬೆಟ್ಟ ಇತ್ತು, ಅದನ್ನು ಕ್ಷಮಿಸಿದೆ. ಹುಡುಗ ಲಕ್ಷಣವಾಗಿದ್ದ. ಒಂದು ಕುರ್ಚಿಯ ಹಿಂದೆ ನಿಂತು, ಅದರ ಬೆನ್ನಿನ ಮೇಲೆ ಎರಡೂ ಕೈ ಊರಿದ್ದ. ಎಲ್ಲವೂ ಚೆನ್ನಾಗಿತ್ತು. ಚೆನ್ನಾಗಿದ್ದದ್ದೇ ನನಗೆ ಸರಿಬರಲಿಲ್ಲ.

ರಂಗೋಲಿ ಹಾಕುವವರಿಗೆ ಗೊತ್ತು, ಎಡಬದಿಯ ಬಳ್ಳಿಯ ಹಾಗೆಯೇ ಬಲಬದಿಯದು ಬರುವುದಿಲ್ಲ. ಚುಕ್ಕಿ ಲೆಕ್ಕ ಸರಿಯಿದ್ದರೂ ಬೆರಳು ಒಂದು ಕಡೆ ಸ್ವಲ್ಪ ಹೆಚ್ಚು ಪುಡಿ ಬಿಡುತ್ತದೆ. ಮನುಷ್ಯರ ಮುಖವೂ ಅಷ್ಟೇ, ಒಂದು ಹುಬ್ಬು ಇನ್ನೊಂದರ ತಂಗಿಯೇ ಹೊರತು ಪಡಿಯಚ್ಚಲ್ಲ. ಈ ಹುಡುಗನ ಎರಡು ಕೈಗಳು ಮಾತ್ರ ಪಡಿಯಚ್ಚು. ಎಡಗೈ ಗೆಣ್ಣಿನ ಮೇಲೆ ಒಂದು ಹಳೆಯ ಗಾಯದ ಕಲೆ, ಬಲಗೈ ಗೆಣ್ಣಿನ ಮೇಲೂ ಅದೇ ಜಾಗದಲ್ಲಿ ಅದೇ ಕಲೆ. ಎಡತೋಳಿನ ಗುಂಡಿಯಿಂದ ಒಂದು ದಾರ ಕಿತ್ತು ಜೋತುಬಿದ್ದಿತ್ತು. ಬಲತೋಳಿನ ಗುಂಡಿಯಿಂದಲೂ ಅಷ್ಟೇ ಉದ್ದದ ದಾರ, ಅದೇ ಡೊಂಕು.

“ಅಣ್ಣ, ಇದು ಅವನ ಬಲಗೈ ಅಲ್ಲ. ಎಡಗೈಯನ್ನೇ ಕನ್ನಡೀಲಿ ತಿರುಗಿಸಿದ ಹಾಗೆ ತಿರುಗಿಸಿ ಅಂಟಿಸಿದ್ದಾರೆ” ಎಂದೆ.

ಅಣ್ಣ ಫೋಟೋವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. “ಅಂಗಾರೆ ಬಲಗೈ ಏನಾಗೈತೆ?” ಎಂದ. ಹುಡುಗನ ಕಡೆಯವರು ಮುಂದಿನ ವಾರ ಹೆಣ್ಣು ನೋಡಲು ಬರುವವರಿದ್ದರು. ಬೇಡವೆಂದು ಹೇಳಿ ಕಳಿಸುತ್ತೇನೆಂದು ಅಣ್ಣ ಹೊರಟ. ಬರಲಿ, ಎದುರಿಗೇ ಕೇಳೋಣ ಎಂದು ನಾನು ತಡೆದೆ. ಒಳ್ಳೆಯತನದಿಂದ ತಡೆದೆನೆಂದು ನೀವು ತಿಳಿಯಬೇಡಿ. ಕಳ್ಳನನ್ನು ಕಣ್ಣಾರೆ ನೋಡುವ ಆಸೆ.

ಅವರು ಬರುವ ದಿನ ಕೈಲಾಂಚದ ಅಣ್ಣನ ಮನೆಯ ಜಗಲಿಯಲ್ಲಿ ನಾನು ಬೀದಿಗೆ ಎದುರಾಗಿ ಕೂತೆ. ಮಹದೇವ ತಾಯಿಯ ಜೊತೆ ಬಂದ. ಬರುವಾಗ ಕೈ ಜೇಬಿನಲ್ಲಿರುತ್ತದೆ, ಇಲ್ಲವೇ ಕರ್ಚೀಫು ಸುತ್ತಿರುತ್ತದೆ ಎಂದು ನಾನು ಲೆಕ್ಕ ಹಾಕಿದ್ದೆ. ಅವನು ಎರಡೂ ಕೈ ಎತ್ತಿ ನಮಸ್ಕಾರ ಮಾಡಿದ. ಬಲಗೈಯಲ್ಲಿ ಕಿರುಬೆರಳೂ ಉಂಗುರದ ಬೆರಳೂ ಬುಡದಿಂದಲೇ ಇರಲಿಲ್ಲ.

ಅಣ್ಣ ನನ್ನ ಮುಖ ನೋಡಿದ. ನಾನು ಫೋಟೋ ತೆಗೆದು ಹುಡುಗನ ಕೈಗೆ ಕೊಟ್ಟೆ. ಅವನು ನೋಡಿದ, ತಿರುಗಿಸಿ ನೋಡಿದ, ಕೊನೆಗೆ ತಾಯಿಯ ಕಡೆ ನೋಡಿದ.

“ಇದು ನನ್ ಕೈ ಅಲ್ವಲ್ಲವ್ವ” ಎಂದ.

ಆ ತಾಯಿ ಸೆರಗಿನಲ್ಲಿ ಮುಖ ಒರೆಸಿಕೊಂಡರು. “ಸ್ಟುಡಿಯೋದವನಿಗೆ ಒಸಿ ಸರಿ ಮಾಡಪ್ಪ ಅಂದಿದ್ದೆ ಕಣಪ್ಪ. ಫೋಟೋ ನೋಡೇ ಬ್ಯಾಡ ಅಂದ್ರೆ ನಿನ್ನ ಯಾರು ನೋಡ್ತಾರೆ? ಮನೆಗಂಟ ಬಂದ್ಮೇಲೆ ನೀನೇ ಹೇಳ್ಕತೀಯ ಅಂತ ಸುಮ್ಕಿದ್ದೆ.”

“ಮಿಷನ್ನಿಗೆ ಸಿಕ್ತು” ಎಂದು ಅವನು ನಮಗೆ ಹೇಳಿದ. “ತಗಡು ಒತ್ತೋ ಪ್ರೆಸ್ಸಲ್ಲಿದ್ದೆ. ಆಮೇಲೆ ಸಾಮಾನಿಡೋ ಸ್ಟೋರಿಗೆ ಹಾಕವ್ರೆ. ಮದ್ಲೇ ಹೇಳ್ಬೇಕಿತ್ತು, ನಮ್ಮವ್ವ ಹೇಳವ್ರೆ ಅಂದ್ಕಂಡಿದ್ದೆ.”

ಅಣ್ಣ ಎದ್ದು ನಿಂತ. “ಕೈಯಿ ಒಂದು ಮಾತು. ಸುಳ್ಳು ಇನ್ನೊಂದು ಮಾತು” ಎಂದ. ಅವನಿಗೆ ಸಿಟ್ಟು ಬಂದಾಗ ಧ್ವನಿ ತಗ್ಗುತ್ತದೆ. ಮಾತು ಮುಗಿಯಿತೆಂದು ನಾನೂ ಸೀರೆಯ ನೆರಿಗೆ ಸರಿಮಾಡಿಕೊಂಡೆ.

ಆಗ ನಡುಮನೆಯ ಬಾಗಿಲಿಗೆ ಸವಿತ ಬಂದು ನಿಂತಳು. ತಿಂಡಿಯ ತಟ್ಟೆ ಅವಳ ಕೈಯಲ್ಲಿತ್ತು. “ನನ್ ಫೋಟೋ ತಂದಿದೀರಾ?” ಎಂದು ಆ ತಾಯಿಯನ್ನು ಕೇಳಿದಳು. ಅತ್ತಿಗೆ ಒಳಗಿನಿಂದ “ಸವಿತಾ” ಎಂದು ಕೂಗಿದಳು.

ಮಹದೇವನ ತಾಯಿ ಚೀಲದಿಂದ ಫೋಟೋ ತೆಗೆದರು. ನಾನೂ ಬಗ್ಗಿ ನೋಡಿದೆ. ಅದೇ ಹಿಮದ ಬೆಟ್ಟ, ಅದೇ ಮರ, ಅದೇ ಸ್ಟುಡಿಯೋ. ಅದರ ಮುಂದೆ ಮಲ್ಲಿಗೆ ಹೂವಿನ ಬಣ್ಣದ ಒಬ್ಬ ಹುಡುಗಿ. ನಮ್ಮ ಸವಿತ ಎಣ್ಣೆಗಪ್ಪು. ಹುಟ್ಟಿದಾಗಿನಿಂದ ನೋಡಿದ್ದೇನೆ, ಅವಳ ಅಂದ ಇರುವುದೇ ಆ ಬಣ್ಣದಲ್ಲಿ. ಊರಿನವರ ಫೋಟೋಗಳನ್ನೆಲ್ಲ ಪರೀಕ್ಷೆ ಮಾಡುವ ನನಗೆ ಈ ಒಂದು ಫೋಟೋವನ್ನು ಅತ್ತಿಗೆ ಬೇಕೆಂದೇ ತೋರಿಸಿರಲಿಲ್ಲ.

“ಇದೂ ನಾನಲ್ಲ” ಎಂದಳು ಸವಿತ. ಮಹದೇವ ಫೋಟೋ ನೋಡಿ, ಅವಳನ್ನು ನೋಡಿ, “ಈ ಫೋಟೋ ಹಿಡ್ಕಂಡು ಹುಡುಕಿದ್ರೆ ಇವ್ರ ಗುರ್ತೇ ಸಿಕ್ತಿರ್ಲಿಲ್ಲ” ಎಂದ. ಅವಳು ನಕ್ಕಳು. ಅಣ್ಣ ಎಲ್ಲಿ ನಿಂತಿದ್ದನೋ ಅಲ್ಲಿಯೇ ಮೆಲ್ಲಗೆ ಕೂತ.

ಅವರು ತಿಂಡಿ ತಿಂದು ಹೋದರು. ಆಮೇಲೆ ಮನೆಯಲ್ಲಿ ಒಂದು ವಾರ ವಾದ. ಬೆರಳಿಲ್ಲದವನು ಹೊಲ ಹೇಗೆ ಮಾಡುತ್ತಾನೆ ಎಂದು ಅಣ್ಣ, ನಾಲ್ಕು ಜನ ಏನೆಂದುಕೊಂಡಾರು ಎಂದು ಅತ್ತಿಗೆ. ಸವಿತ ನನ್ನ ಹತ್ತಿರ ಮಾತ್ರ ಹೇಳಿದಳು: “ಅತ್ತೆ, ಬಂದೋರೆಲ್ಲ ಮದ್ಲು ನನ್ ಬಣ್ಣ ನೋಡ್ತಿದ್ರು, ಆಮೇಲೆ ಗ್ವಾಡೆ ನೋಡ್ತಿದ್ರು. ಅವ್ರು ನನ್ನ ನೋಡುದ್ರು.”

ಅಷ್ಟು ಸಾಕಿತ್ತು. ನನಗೆ ಸಾಕಾಗಲಿಲ್ಲ. ಸ್ಟೋರಿನ ಕೆಲಸ ನಿಜವೋ ಸುಳ್ಳೋ ಎಂದು ನೋಡಲು ಒಂದು ಸಂಜೆ ಬಸ್ಸು ಹತ್ತಿ ಆ ಕಾರ್ಖಾನೆಯ ಗೇಟಿನ ಎದುರಿನ ಟೀ ಅಂಗಡಿಯಲ್ಲಿ ಕೂತೆ. ಗೇಟಿನ ಮೇಲಿನ ಬೋರ್ಡಿನಲ್ಲಿ ಕನ್ನಡ ಇರುವೆಯಷ್ಟು, ಇಂಗ್ಲಿಷು ಎಮ್ಮೆಯಷ್ಟು. ಅದನ್ನು ಮನಸ್ಸಿನಲ್ಲೇ ಬೈಯುತ್ತಿದ್ದಾಗ ಶಿಫ್ಟ್ ಬಿಟ್ಟಿತು. ನೀಲಿ ಅಂಗಿಗಳ ನಡುವೆ ಮಹದೇವ ಬಂದ. ನನ್ನನ್ನು ನೋಡಿ ನೆಟ್ಟಗೆ ನನ್ನ ಹತ್ತಿರವೇ ಬಂದ.

“ಸ್ಟೋರ್ ತೋರ್ಸೋಕೆ ಒಳಗೆ ಬಿಡಕ್ಕಿಲ್ಲ ಮೇಡಂ. ಸೂಪರ್‌ವೈಸರ್‌ನ ಕರ್ಕಂಡ್ ಬತ್ತೀನಿ, ಏನ್ ಬೇಕೋ ಕೇಳಿ” ಎಂದ. ಕೊಂಕು ಇರಲಿಲ್ಲ ಅವನ ಮಾತಿನಲ್ಲಿ. ನಾನು ಬೇಡವೆಂದೆ. ನನ್ನ ಟೀ ಅವನೇ ಕೊಡಿಸಿದ, ಬಸ್ಸು ಬರುವವರೆಗೂ ನಿಂತಿದ್ದ.

ಮನೆಗೆ ಬಂದು ಅಣ್ಣನಿಗೆ ಫೋನು ಮಾಡಿ ಹ್ಞೂಂ ಎನ್ನು ಎಂದೆ.

ಮದುವೆ ಕನಕಪುರದ ಛತ್ರದಲ್ಲಾಯಿತು. ತಾಳಿ ಕಟ್ಟುವ ಹೊತ್ತಿಗೆ ಹೆಂಗಸರು ಹಿಂದೆ ಸಾಲಾಗಿ ನಿಂತರು. ಮೂರು ಬೆರಳಿನ ಕೈಯಲ್ಲಿ ಅರಿಸಿನದ ದಾರ ಜಾರಿದರೆ ಹಿಡಿಯಲು ಎಲ್ಲರೂ ಕೈ ಚಾಚಿಕೊಂಡಿದ್ದರು. ನಾನೂ ಚಾಚಿದ್ದೆ. ಅವನು ಯಾರ ಕಡೆಯೂ ನೋಡದೆ, ನಿಧಾನವಾಗಿ, ಒಂದೊಂದೇ ಗಂಟು ಹಾಕಿದ. ಓಲಗದವರು ಗಟ್ಟಿಮೇಳ ಎಳೆದು ಎಳೆದು ಸುಸ್ತಾದರು. ಗಂಟು ಬಿಗಿಯಾಗಿದೆಯೋ ಇಲ್ಲವೋ ಎಂಬ ಅನುಮಾನ ನನಗೆ ಊಟದ ಪಂಕ್ತಿಯವರೆಗೂ ಇತ್ತು.

ಕೆಲವು ತಿಂಗಳಾದ ಮೇಲೆ ದಾರ ತೆಗೆದು ತಾಳಿಯನ್ನು ಚಿನ್ನದ ಸರಕ್ಕೆ ಪೋಣಿಸುವ ಶಾಸ್ತ್ರಕ್ಕೆ ಉಯ್ಯಂಬಳ್ಳಿಗೆ ಹೋದೆವು. ಗಂಟು ಬಿಚ್ಚಲು ಮಹದೇವನ ತಾಯಿ ಕೂತರು, ಆಗಲಿಲ್ಲ. ಅತ್ತಿಗೆ ಉಗುರು ಮುರಿದುಕೊಂಡಳು. ತಾಳಿಯ ದಾರಕ್ಕೆ ಕತ್ತರಿ ಹಾಕುವ ಹಾಗಿಲ್ಲ. ಕೊನೆಗೆ ನಾನು ಕನ್ನಡಕ ಏರಿಸಿ, ಸೇಫ್ಟಿಪಿನ್ನು ಹಿಡಿದು, ಸವಿತಳ ಬೆನ್ನ ಹಿಂದೆ ಕೂತೆ. ಆ ಗಂಟಿನಲ್ಲಿ ಪಿನ್ನಿನ ಮೊನೆ ತೂರುವಷ್ಟು ಸಂದು ಎಲ್ಲಾದರೂ ಇದ್ದೀತೆಂದು ಸುತ್ತಲೂ ಹುಡುಕಿದೆ.

“ಸಿಕ್ತಾ ಅತ್ತೆ?” ಎಂದಳು ಸವಿತ.

“ಇಲ್ಲ ಕಣೇ” ಎಂದೆ. ಜೀವಮಾನದಲ್ಲಿ ಹುಡುಕಿದ್ದು ಸಿಗದೆ ಅಷ್ಟು ಸಂತೋಷಪಟ್ಟದ್ದು ಅದೊಂದೇ ಸಲ.